ಹತ್ತು ಗೆಳತಿಯರಿಗೆ ಒಂದೇ ದೋಣಿ

ಆಲಪ್ಪುಳದ ಪುನ್ನಮಡ ಜೆಟ್ಟಿಯಲ್ಲಿ ದಡಕ್ಕೂ ದೋಣಿಗೂ ನಡುವೆ ಒಂದು ಹಲಗೆ ಹಾಕಿದ್ದರು. ಒಂದಡಿ ಅಗಲ, ನಾಲ್ಕು ಹೆಜ್ಜೆ ಉದ್ದ. ಹಿಡಿದುಕೊಳ್ಳಲು ಏನೂ ಇಲ್ಲ, ಕೆಳಗೆ ಪಾಚಿ ಬಣ್ಣದ ನೀರು. ಧಾರವಾಡದ ಹಾಸ್ಟೆಲ್ ದಿನಗಳಲ್ಲಿ ಕಾಂಪೌಂಡ್ ಗೋಡೆಯನ್ನು ಸೆರಗು ಸಿಕ್ಕಿಸಿಕೊಂಡು ಹಾರುತ್ತಿದ್ದ ನಮ್ಮ ಗೆಳತಿ ಆ ಹಲಗೆಯ ಮುಂದೆ ನಿಂತುಬಿಟ್ಟಳು. ಎರಡೂ ಮಂಡಿಯ ಆಪರೇಷನ್ ಆಗಿ ಎಂಟು ತಿಂಗಳಾಗಿತ್ತು. "ನೀವು ಹೋಗಿಬರ್ರಿ, ನಾ ಇಲ್ಲೇ ಲಾಡ್ಜಿನ್ಯಾಗ ಇರತೇನಿ" ಅಂದಳು. ಅಷ್ಟರಲ್ಲಿ ದೋಣಿಯ ಅಡುಗೆಯವರು ಇಳಿದು ಬಂದರು. ಪಕ್ಕದ ದೋಣಿಯವರಿಂದ ಇನ್ನೊಂದು ಹಲಗೆ ತರಿಸಿ ಜೋಡಿಸಿದರು. ಆಮೇಲೆ ಈ ತುದಿಗೊಬ್ಬರು, ಆ ತುದಿಗೊಬ್ಬರು ನಿಂತು ಉದ್ದನೆಯ ಬಿದಿರು ಗಳವನ್ನು ಸೊಂಟದೆತ್ತರಕ್ಕೆ ಹಿಡಿದರು. ಗಳವೇ ಕೈಪಿಡಿಯಾಯಿತು. ಅವಳು ಅದನ್ನು ಹಿಡಿದು, ಕಣ್ಣು ನೀರಿನ ಕಡೆ ಹಾಯಿಸದೆ, ನಾಲ್ಕು ಹೆಜ್ಜೆ ಇಟ್ಟು ಆಚೆ ಸೇರಿದಳು.

ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ಮೂವತ್ತು ವರ್ಷ ಕಳೆದ ಮೇಲೆ ಸೇರುವ ಗೆಳೆಯರ ಗುಂಪಿನಲ್ಲಿ ಯಾರಿಗಾದರೂ ಮಂಡಿ ನೋವಿರುತ್ತದೆ, ಯಾರಿಗಾದರೂ ಸಕ್ಕರೆ ಕಾಯಿಲೆ ಇರುತ್ತದೆ, ಯಾರದಾದರೂ ಕೈ ಬರಿದಾಗಿರುತ್ತದೆ. ಇವರೆಲ್ಲ ದಡದಲ್ಲಿ ಉಳಿಯದಂತೆ ನೋಡಿಕೊಳ್ಳುವುದೇ ಇಂಥ ಪ್ರವಾಸದ ನಿಜವಾದ ಏರ್ಪಾಡು. ಉಳಿದದ್ದನ್ನು ನೀರು ನೋಡಿಕೊಳ್ಳುತ್ತದೆ. ಕೇರಳದ ಹೌಸ್‌ಬೋಟಿನಲ್ಲಿ ಎರಡು ಸಲ ಹಳೆಯ ಗೆಳತಿಯರ ಜೊತೆ ಕಳೆದ ಅನುಭವದಿಂದ, ಮುಂದೆ ಹೋಗುವವರಿಗೆ ಉಪಯೋಗಕ್ಕೆ ಬರಲೆಂದು ಇದನ್ನು ಬರೆಯುತ್ತಿದ್ದೇನೆ.

ಸೇರುವುದಕ್ಕೆ ದೋಣಿಯೇ ಏಕೆ ಎಂದು ನಮ್ಮಲ್ಲೂ ಕೇಳಿದವರಿದ್ದರು. ರೆಸಾರ್ಟಿನಲ್ಲಿ ಸೇರಿ ನೋಡಿದ್ದೇವೆ, ಮದುವೆ ಮನೆಗಳಲ್ಲಿ ಸೇರಿದ್ದೇವೆ. ಅಲ್ಲಿ ಅರ್ಧ ಗಂಟೆ ಮಾತಾಡುವಷ್ಟರಲ್ಲಿ ಒಬ್ಬಳು ರೂಮಿಗೆ ಹೋಗುತ್ತಾಳೆ, ಇನ್ನೊಬ್ಬಳು ಸೀರೆ ಅಂಗಡಿಗೆ, ಮತ್ತೊಬ್ಬಳನ್ನು ಮಗ ಬಂದು ಕರೆದೊಯ್ಯುತ್ತಾನೆ. ಹೌಸ್‌ಬೋಟ್ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹತ್ತಿಸಿಕೊಂಡರೆ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಇಳಿಸುತ್ತದೆ. ಇಪ್ಪತ್ತೊಂದು ಗಂಟೆ. ನಡುವೆ ಯಾರೂ ಎದ್ದು ಹೋಗುವಂತಿಲ್ಲ, ಯಾರೂ ಬಂದು ಕರೆಯುವಂತಿಲ್ಲ. ಮೊದಲ ಗಂಟೆ ಫೋಟೊಗಳಿಗೆ ಹೋಗುತ್ತದೆ. ಊಟ ಮುಗಿದ ಮೇಲೆ ಎಲ್ಲರೂ ಸುಮ್ಮನಾಗುತ್ತಾರೆ. ಹಾಗೆ ಸುಮ್ಮನೆ ದಡ ನೋಡುತ್ತ ಕೂತಿದ್ದಾಗಲೇ, ನಾಲ್ಕು ಗಂಟೆಯ ಸುಮಾರಿಗೆ, ಯಾರೋ ಒಬ್ಬರು ಇಷ್ಟು ವರ್ಷ ಹೇಳದಿದ್ದ ಮಾತೊಂದನ್ನು ತೆಗೆಯುತ್ತಾರೆ. ಎರಡು ಸಲವೂ ನಮಗೆ ಹಾಗೇ ಆಯಿತು.

ಒಂದೇ ದೋಣಿ, ಎರಡಲ್ಲ

ಮೊದಲ ಸಲ ನಾವು ಹದಿನಾಲ್ಕು ಜನ. ಅಷ್ಟು ಜನಕ್ಕೆ ಒಂದೇ ದೋಣಿ ಸಿಗಲಿಲ್ಲವೆಂದು ಏಜೆಂಟರು ಎರಡು ದೋಣಿ ಕೊಟ್ಟರು. "ಅಕ್ಕಪಕ್ಕದಲ್ಲೇ ಹೋಗುತ್ತವೆ, ರಾತ್ರಿ ಒಟ್ಟಿಗೇ ಕಟ್ಟುತ್ತೇವೆ" ಎಂಬ ಮಾತಾಗಿತ್ತು. ಸಂಜೆ ದೋಣಿ ಕಟ್ಟುವ ಹೊತ್ತಿಗೆ ದಡದಲ್ಲಿ ಒಂದಕ್ಕೆ ಮಾತ್ರ ಜಾಗವಿತ್ತು. ಇನ್ನೊಂದು ಮುಂದೆ ಹೋಗಿ ಎಲ್ಲೋ ತಂಗಿತು. ರಾತ್ರಿಯೆಲ್ಲ ನಾವು ಒಂದು ದೋಣಿಯಿಂದ ಇನ್ನೊಂದಕ್ಕೆ ಫೋನ್ ಮಾಡುತ್ತ ಕಳೆದೆವು. ಅಲ್ಲಿಯವರು ಯಾವುದಕ್ಕೆ ನಗುತ್ತಿದ್ದಾರೆಂದು ನಮಗೆ ತಿಳಿಯದು, ಇಲ್ಲಿ ಒಬ್ಬಳು ಏಕೆ ಅತ್ತಳೆಂದು ಅವರಿಗೆ ತಿಳಿಯದು. ವಾಪಸು ಬಂದ ಮೇಲೂ ಬಹಳ ದಿನ ನಾವು 'ಆ ದೋಣಿಯವರು', 'ಈ ದೋಣಿಯವರು' ಎಂದೇ ಎರಡಾಗಿದ್ದೆವು.

ಹಾಗಾಗಿ ನನ್ನ ಖಚಿತ ಅಭಿಪ್ರಾಯ: ಎಂಟರಿಂದ ಹತ್ತು ಜನ, ನಾಲ್ಕೋ ಐದೋ ಮಲಗುವ ಕೋಣೆಯ ಒಂದು ದೋಣಿ. ಒಂದು ಕೋಣೆಯಿಂದ ಹಿಡಿದು ಹತ್ತು ಕೋಣೆಯವರೆಗಿನ ದೋಣಿಗಳು ಸಿಗುತ್ತವೆ, ನಿಜ. ಆದರೆ ತೀರ ದೊಡ್ಡ ದೋಣಿಯ ನಡುಮನೆ ಕಾನ್ಫರೆನ್ಸ್ ಹಾಲಿನಂತಿರುತ್ತದೆ. ಜೊತೆಗೆ ಅದು ಅಗಲವಾದ ಹೊಳೆ, ಸರೋವರ ಬಿಟ್ಟು ಚಿಕ್ಕ ಕಾಲುವೆಗಳ ಕಡೆ ತಿರುಗಲಾರದು. ಹದಿನೈದು ಜನ ಬರುತ್ತೇವೆಂದರೆ ಒಳ್ಳೆಯದೇ, ಎರಡು ದೋಣಿ ಮಾಡುವ ಬದಲು ಎರಡು ವರ್ಷದಲ್ಲಿ ಎರಡು ಪ್ರವಾಸ ಮಾಡಿ. ಗಂಡ, ಹೆಂಡತಿ, ಮಕ್ಕಳನ್ನು ಕರೆತರಬೇಕೇ ಎಂಬ ಪ್ರಶ್ನೆಯೂ ಬರುತ್ತದೆ. ಬೇಡ. ಅವರಿಗೆ ನಮ್ಮ ಹಾಸ್ಟೆಲ್ ವಾರ್ಡನ್ನಿನ ಕಥೆ ಅರ್ಥವಾಗುವುದಿಲ್ಲ. ಅವರ ಎದುರಿಗೆ ನಾವೂ ನಮ್ಮ ಈಗಿನ ವಯಸ್ಸಿನವರಾಗಿಬಿಡುತ್ತೇವೆ.

ಯಾವಾಗ, ಯಾವ ದಾರಿಯಲ್ಲಿ

ನನ್ನನ್ನು ಕೇಳಿದರೆ ಜನವರಿಯ ಮೂರನೇ ವಾರದಿಂದ ಫೆಬ್ರುವರಿ ಕೊನೆಯವರೆಗೆ. ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗೆ ದರವೂ ಏರಿರುತ್ತದೆ, ಕಾಲುವೆಗಳಲ್ಲಿ ದೋಣಿಗಳ ಸಾಲೂ ನಿಂತಿರುತ್ತದೆ. ಫೆಬ್ರುವರಿಯಲ್ಲಿ ಆಲಪ್ಪುಳದ ಸುತ್ತಲಿನ ಕುಟ್ಟನಾಡಿನ ಪುಂಜ ಬೆಳೆ, ಅಂದರೆ ಅಲ್ಲಿನ ಮುಖ್ಯ ಭತ್ತದ ಬೆಳೆ, ಗದ್ದೆ ತುಂಬ ಹಸಿರಾಗಿ ನಿಂತಿರುತ್ತದೆ. ಮಾರ್ಚಿನಲ್ಲಿ ಕೊಯ್ಲು ಶುರುವಾದರೆ ಬಿಸಿಲೂ ಧಗೆಯೂ ಬಂದಂತೆ. ಮಳೆಗಾಲದಲ್ಲಿ ದರ ಇಳಿಯುತ್ತದೆ, ನೋಟವೂ ಚೆಲುವಾಗಿರುತ್ತದೆ. ಆದರೆ ಗಾಳಿ ಎದ್ದರೆ ವೇಂಬನಾಡ್ ಸರೋವರ ಸಣ್ಣ ಕಡಲಿನಂತಾಗುತ್ತದೆ, ಹವಾಮಾನದ ಎಚ್ಚರಿಕೆ ಬಂದರೆ ದೋಣಿಗಳನ್ನು ನಿಲ್ಲಿಸುತ್ತಾರೆ. ಅಮೆರಿಕದಿಂದ ರಜೆ ಹಾಕಿ ಬರುವ ಗೆಳತಿಯನ್ನು ನೆಚ್ಚಿಕೊಂಡು ದಿನ ಗೊತ್ತುಮಾಡುವಾಗ ಆ ಅಪಾಯ ಬೇಡ. ನೆಹರೂ ಟ್ರೋಫಿ ದೋಣಿ ಸ್ಪರ್ಧೆಯನ್ನು ನೋಡುವ ಆಸೆಯಿದ್ದರೆ ಮಾತ್ರ ಆ ಕಾಲಕ್ಕೆ ಹೋಗಬೇಕು. ಆಗಸ್ಟಿನ ಎರಡನೇ ಶನಿವಾರ ಅದರ ರೂಢಿಯ ದಿನ. ಈಚೆಗೆ ತಿಂಗಳ ಕೊನೆಗೂ ಸೆಪ್ಟೆಂಬರಿಗೂ ಸರಿದದ್ದುಂಟು, ಆ ವರ್ಷದ ದಿನಾಂಕ ಕೇಳಿಕೊಂಡೇ ಟಿಕೆಟ್ ಮಾಡಿಸಿ.

ಬೇರೆ ಬೇರೆ ಊರುಗಳಿಂದ ಬರುವವರಿಗೆ ಆಲಪ್ಪುಳ ಕಷ್ಟದ ಜಾಗವಲ್ಲ. ಕರಾವಳಿಯವರಿಗೆ ಅನುಕೂಲ ಹೆಚ್ಚು. ಮುಂಬೈಯಿಂದ ಕಾರವಾರ, ಉಡುಪಿ, ಮಂಗಳೂರು ಹಾದು ತಿರುವನಂತಪುರಕ್ಕೆ ಹೋಗುವ ನೇತ್ರಾವತಿ ಎಕ್ಸ್‌ಪ್ರೆಸ್ ಆಲಪ್ಪುಳದ ಮೂಲಕವೇ ಹೋಗುತ್ತದೆ, ಮಂಗಳೂರಿನಿಂದ ಹೊರಡುವ ಮಾವೇಲಿಯೂ ಹಾಗೆಯೇ. ಬೆಂಗಳೂರಿನವರು ರಾತ್ರಿ ರೈಲಿಗೋ ಬಸ್ಸಿಗೋ ಹತ್ತಿ ಎರ್ನಾಕುಲಂನಲ್ಲಿ ಇಳಿದರೆ ಅಲ್ಲಿಂದ ಸುಮಾರು 55 ಕಿಲೋಮೀಟರ್. ನೆಡುಂಬಾಶ್ಶೇರಿಯ ವಿಮಾನ ನಿಲ್ದಾಣದಿಂದ ಎರಡು-ಎರಡೂವರೆ ಗಂಟೆಯ ದಾರಿ. ದೋಣಿ ಹತ್ತುವ ದಿನವೇ ಬಂದಿಳಿಯುವ ಸಾಹಸ ಮಾತ್ರ ಯಾರೂ ಮಾಡಬೇಡಿ. ಒಬ್ಬರ ರೈಲು ಎರಡು ಗಂಟೆ ತಡವಾದರೆ ಒಂಬತ್ತು ಜನ ಜೆಟ್ಟಿಯಲ್ಲಿ ಕಾಯಬೇಕು, ದೋಣಿ ಹೊರಡುವುದು ತಡವಾದಷ್ಟೂ ಸುತ್ತಾಟ ಕಡಿಮೆಯಾಗುತ್ತದೆ. ಹಿಂದಿನ ರಾತ್ರಿಯೇ ಆಲಪ್ಪುಳದಲ್ಲಿ ಸೇರಿಬಿಡಿ.

ಇನ್ನು ದಾರಿ. ಕುಮರಕಂ ಕಡೆಯಿಂದ ಹತ್ತಿದರೆ ತೆರೆದ ಸರೋವರ ಹೆಚ್ಚು, ಆಲಪ್ಪುಳದಿಂದ ಹತ್ತಿದರೆ ಹೊಳೆ, ಕಾಲುವೆ, ಊರು ಹೆಚ್ಚು. ನಾನು ಎರಡನೆಯದರ ಪರ. ತೆರೆದ ನೀರು ಒಂದು ಗಂಟೆ ಚೆಂದ, ಆಮೇಲೆ ಒಂದೇ ತೆರನಾಗುತ್ತದೆ. ಕೈನಕರಿ, ನೆಡುಮುಡಿ, ಚಂಬಕುಳಂ ಕಡೆಗೆ ಪಂಪಾ ನದಿಯಲ್ಲಿ ಹೋದರೆ ದಡದಲ್ಲಿ ಬದುಕು ಕಾಣುತ್ತದೆ. ಶಾಲೆ ಬಿಟ್ಟ ಮಕ್ಕಳು ಸರ್ಕಾರಿ ದೋಣಿಗೆ ಕಾಯುತ್ತಿರುತ್ತಾರೆ, ಬಾತುಕೋಳಿಗಳ ದೊಡ್ಡ ಹಿಂಡನ್ನು ಒಬ್ಬ ಪುಟ್ಟ ದೋಣಿಯಲ್ಲಿ ನಿಂತು ಅಟ್ಟಿಕೊಂಡು ಹೋಗುತ್ತಿರುತ್ತಾನೆ. ನೋಡಲು ಏನಾದರೂ ಇದ್ದಾಗ ಮಾತು ತಾನಾಗಿ ನಿಲ್ಲುತ್ತದೆ, ತಾನಾಗಿ ಮತ್ತೆ ಶುರುವಾಗುತ್ತದೆ.

ಆ ದಾರಿಯಲ್ಲಿ ಒಂದು ವಿಚಿತ್ರವನ್ನು ಗಮನಿಸಿ. ದೋಣಿಯ ಕಟ್ಟೆಯ ಮೇಲೆ ನಿಂತು ನೋಡಿದರೆ ಗದ್ದೆ ನಿಮ್ಮ ಕಾಲಿಗಿಂತ ಕೆಳಗೆ ಕಾಣುತ್ತದೆ. ಕುಟ್ಟನಾಡಿನ ಬಹಳಷ್ಟು ಭೂಮಿ ಸಮುದ್ರಮಟ್ಟಕ್ಕಿಂತ ಒಂದರಿಂದ ಮೂರು ಮೀಟರಿನಷ್ಟು ಕೆಳಗಿದೆ. ಸರೋವರದ ತಳದಿಂದ ಕೆಸರೆತ್ತಿ ಏರಿ ಕಟ್ಟಿ, ಒಳಗಿನ ನೀರನ್ನು ಹೊರಹಾಕಿ ಮಾಡಿಕೊಂಡ ಗದ್ದೆಗಳಿವು. 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿತು. ಕಡಲಿನ ಉಪ್ಪು ನೀರು ಒಳಬಾರದಂತೆ ತಣ್ಣೀರ್‌ಮುಕ್ಕಂ ಎಂಬಲ್ಲಿ ಸರೋವರಕ್ಕೆ ಅಡ್ಡಗಟ್ಟೆ ಇದೆ, ಅದರ ಬಾಗಿಲುಗಳನ್ನು ಸಾಮಾನ್ಯವಾಗಿ ಡಿಸೆಂಬರ್ ನಡುವಿನಿಂದ ಬೇಸಿಗೆಯ ಹೊತ್ತಿನವರೆಗೆ ಮುಚ್ಚಿರುತ್ತಾರೆ. ಆಗ ನೀರಿನ ಹರಿವು ಕುಂದಿ ಕೆಲವು ಕಡೆ ಅಂತರಗಂಗೆ ಹಬ್ಬಿರುತ್ತದೆ. ದೋಣಿಯವರು ದಾರಿ ಬದಲಿಸಿದರೆ ಜಗಳವಾಡಬೇಡಿ, ಕಾರಣ ಇದೇ ಇರಬಹುದು.

ದೋಣಿ ಗೊತ್ತುಮಾಡುವಾಗ

ಈ ಹೌಸ್‌ಬೋಟುಗಳ ಮಲಯಾಳದ ಹೆಸರು ಕೆಟ್ಟುವಳ್ಳಂ, ಅಂದರೆ ಕಟ್ಟಿದ ದೋಣಿ. ಅವರ 'ಕೆಟ್ಟು' ನಮ್ಮ 'ಕಟ್ಟು'. ಹಿಂದೆ ಇವು ಕುಟ್ಟನಾಡಿನ ಭತ್ತವನ್ನು ಕೊಚ್ಚಿಗೆ ಸಾಗಿಸುತ್ತಿದ್ದ ಸರಕು ದೋಣಿಗಳು. ದೊಡ್ಡವು ಸುಮಾರು 30 ಟನ್ ಹೊರುತ್ತಿದ್ದವು. ಲಾರಿಗಳು ಬಂದ ಮೇಲೆ ಕೆಲಸವಿಲ್ಲದೆ ಮೂಲೆಗೆ ಬಿದ್ದವು. 1990ರ ದಶಕದಲ್ಲಿ ಅವಕ್ಕೆ ಚಾವಣಿ ಹಾಕಿ, ಕೋಣೆ ಕಟ್ಟಿ ಪ್ರವಾಸಿಗರನ್ನು ಕರೆದೊಯ್ಯಲು ಶುರುಮಾಡಿದರು. ಅಂಜಿಲಿ ಮರದ, ಅಂದರೆ ನಮ್ಮ ಮಲೆನಾಡಿನ ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಮಾಡುವ ಒಡಲು ಅದು. ಮೊಳೆಯಿಲ್ಲ. ನಮ್ಮ ದೋಣಿಯ ಮುಂಭಾಗದಲ್ಲಿ ಬಗ್ಗಿ ನೋಡಿದರೆ ಆ ಹೊಲಿಗೆ ಕಾಣುತ್ತಿತ್ತು: ಹಲಗೆ ಹಲಗೆ ಸೇರುವ ಸಂದಿನುದ್ದಕ್ಕೂ ನಾರು ತುರುಕಿ, ಮೇಲೆ ಹಗ್ಗದ ಹೊಲಿಗೆ ಎಳೆದು, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದು ಕಪ್ಪಾಗಿಸಿದ್ದರು. ನಮ್ಮಲ್ಲಿ ಹೊಲಿಗೆ ಕಲಿಸುವ ಗೆಳತಿಯೊಬ್ಬಳು ಅದನ್ನು ಬೆರಳಿನಿಂದ ಸವರಿ, "ಇದು ಕೌದಿ ಹೊಲಿಗಿ ನೋಡ್ರೆ" ಅಂದಳು.

ಈಗ ವ್ಯವಹಾರದ ಮಾತು. ದೋಣಿಯ ಬದಿಯಲ್ಲಿ ನೋಂದಣಿ ಸಂಖ್ಯೆ ಬರೆದಿರುತ್ತದೆ. ಅದು ಇಲ್ಲದ, ಅಥವಾ ನೋಂದಣಿ ಪತ್ರ ತೋರಿಸಲು ಹಿಂದೆಮುಂದೆ ನೋಡುವ ದೋಣಿಯನ್ನು ಎಷ್ಟು ಅಗ್ಗವಾದರೂ ಹತ್ತಬೇಡಿ. ಕೇರಳ ಪ್ರವಾಸೋದ್ಯಮ ಇಲಾಖೆ ಹೌಸ್‌ಬೋಟುಗಳಿಗೆ ಗೋಲ್ಡ್ ಸ್ಟಾರ್, ಸಿಲ್ವರ್ ಸ್ಟಾರ್ ಎಂಬ ದರ್ಜೆಗಳನ್ನೂ, ಪರಿಸರದ ನಿಯಮ ಪಾಲಿಸುವ ದೋಣಿಗಳಿಗೆ ಗ್ರೀನ್ ಪಾಮ್ ಎಂಬ ಪ್ರಮಾಣಪತ್ರವನ್ನೂ ಕೊಡುತ್ತದೆ. ಕೇಳಿ ನೋಡಿ. ಆನ್‌ಲೈನಿನಲ್ಲಿ ಹಾಕಿದ ಫೋಟೊ ಒಂದು, ಜೆಟ್ಟಿಯಲ್ಲಿ ಕಾಯುವ ದೋಣಿ ಇನ್ನೊಂದು ಆಗುವುದು ಅಪರೂಪವಲ್ಲ. ಆದ್ದರಿಂದ ದೋಣಿಯ ಹೆಸರು, ನೋಂದಣಿ ಸಂಖ್ಯೆ ಎರಡನ್ನೂ ಬರಹದಲ್ಲಿ ಪಡೆಯಿರಿ. ಆಲಪ್ಪುಳದಲ್ಲೇ ಒಬ್ಬರು ಒಂದು ದಿನ ಮುಂಚೆ ಹೋಗಿ ಕಣ್ಣಾರೆ ನೋಡಿ ಬರುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಎರಡನೇ ಸಲ ನಾವು ಹಾಗೇ ಮಾಡಿದೆವು.

ನೋಡಲು ಹೋದವರು ಹಾಸಿಗೆ, ಟಿ.ವಿ.ಗಳನ್ನು ನೋಡಿ ಸಮಯ ಕಳೆಯಬಾರದು. ನೋಡಬೇಕಾದ್ದು ಬೇರೆ. ಹತ್ತು ಜನ ಒಂದೇ ಸುತ್ತಿನಲ್ಲಿ, ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಕೂರಲು ಮುಂಭಾಗದಲ್ಲಿ ಜಾಗವಿದೆಯೇ? ಮೇಲಿನ ಡೆಕ್ಕಿಗೆ ಹೋಗುವ ಮೆಟ್ಟಿಲು ಎಷ್ಟು ಕಡಿದಾಗಿದೆ? ಕಡಿದಾಗಿದ್ದರೆ ಮಂಡಿ ನೋವಿನವರು ಕೆಳಗೊಬ್ಬರೇ ಉಳಿಯುತ್ತಾರೆ. ಎಲ್ಲರೂ ಕೆಳಗೇ ಕೂರುವುದೆಂದು ಮೊದಲೇ ತೀರ್ಮಾನಿಸಿಬಿಡಿ. ಶೌಚಾಲಯದ ಹೊಸ್ತಿಲು ಎತ್ತರವಿದೆಯೇ, ಹಿಡಿಕೆ ಇದೆಯೇ, ಎಲ್ಲ ಕೋಣೆಗಳಿಗೂ ಅದು ಹೊಂದಿಕೊಂಡಿದೆಯೇ? ಹತ್ತುವ ಹಲಗೆಯ ವಿಷಯವನ್ನು ಅಲ್ಲೇ ಹೇಳಿ. ಸ್ವಲ್ಪ ಎತ್ತರದ ಕಟ್ಟೆಯಿರುವ ಜೆಟ್ಟಿಗೆ ದೋಣಿ ತರಿಸಿದರೆ ಹಲಗೆಯ ಕೆಲಸವೇ ಇಲ್ಲ. ನಮಗೆ ಇದು ಹೊಳೆದಿರಲಿಲ್ಲ, ಬಿದಿರು ಗಳ ನಮ್ಮನ್ನು ಕಾಪಾಡಿತು.

ಎ.ಸಿ.ಯ ಬಗ್ಗೆ ಒಂದು ಮಾತು. ಮಾಮೂಲಿ ದರದಲ್ಲಿ ಎ.ಸಿ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮಾತ್ರ ಇರುತ್ತದೆ. ದಿನವಿಡೀ ಬೇಕಾದರೆ ಬೇರೆ ದರ. ಹಗಲು ದೋಣಿ ಚಲಿಸುವಾಗ ಗಾಳಿ ಧಾರಾಳವಾಗಿ ಬರುತ್ತದೆ, ಆ ಹೆಚ್ಚಿನ ಹಣ ವ್ಯರ್ಥ. ರಾತ್ರಿ ಎ.ಸಿ. ಜನರೇಟರಿನಿಂದ ಓಡುತ್ತದೆಯೋ, ದಡದ ಕರೆಂಟಿನಿಂದಲೋ ಎಂದು ತಪ್ಪದೆ ಕೇಳಿ. ಜನರೇಟರ್ ಆದರೆ ಅದರ ಗುಡುಗುಡು ಸದ್ದಿನಲ್ಲಿ ಪಿಸುಮಾತಿಗೆ ಜಾಗವಿಲ್ಲ. ಹಾಸ್ಟೆಲ್ಲಿನಲ್ಲಿ ದೀಪ ಆರಿಸಿದ ಮೇಲೆ ಆಡುತ್ತಿದ್ದಂಥ ಮಾತುಗಳೆಲ್ಲ ಮತ್ತೆ ಬರುವುದು ಆ ಹೊತ್ತಿನಲ್ಲೇ.

ಹಣದ ಮಾತು

ಹಳೆಯ ಗೆಳೆತನಗಳಲ್ಲಿ ಬಿರುಕು ಬಿಡುವುದು ಇಲ್ಲಿ. ಒಂದೇ ಬೆಂಚಿನಲ್ಲಿ ಕೂತವರಲ್ಲಿ ಒಬ್ಬಳು ಬ್ಯಾಂಕಿನ ದೊಡ್ಡ ಹುದ್ದೆಯಲ್ಲಿರುತ್ತಾಳೆ, ಇನ್ನೊಬ್ಬಳು ಗಂಡನ ಸಾಲ ತೀರಿಸುತ್ತಿರುತ್ತಾಳೆ. "ಎಲ್ಲರೂ ಸಮವಾಗಿ ಹಾಕೋಣ" ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದ ಕೂಡಲೇ ಎರಡನೆಯವಳು "ಮನೆಯಲ್ಲಿ ಸ್ವಲ್ಪ ಕೆಲಸವಿದೆ" ಎಂದು ಹಿಂದೆ ಸರಿಯುತ್ತಾಳೆ. ಆ ಕೆಲಸ ಯಾವುದೆಂದು ಯಾರೂ ಕೇಳುವುದಿಲ್ಲ.

ನಾವು ಕಂಡುಕೊಂಡ ದಾರಿ ಇದು. ದೋಣಿಯ ದರ ಊಟವೂ ಸೇರಿ ಇಡೀ ದೋಣಿಗೆ ಇಷ್ಟೆಂದು ಇರುತ್ತದೆ, ತಲೆಗಿಷ್ಟು ಎಂದಲ್ಲ. ಆದ್ದರಿಂದ ಒಬ್ಬಳನ್ನು ಖಜಾಂಚಿ ಮಾಡಿದೆವು. ಎಲ್ಲರೂ ಅವಳಿಗೆ ಮಾತ್ರ, ತಮಗೆ ಆಗುವಷ್ಟನ್ನು, ಬೇರೆಬೇರೆಯಾಗಿ ಕಳಿಸುವುದು. ಯಾರು ಎಷ್ಟು ಕೊಟ್ಟರೆಂಬುದನ್ನು ಅವಳು ಯಾರಿಗೂ ಹೇಳಬಾರದು. ಕಡಿಮೆ ಬಿದ್ದರೆ 'ಇನ್ನಿಷ್ಟು ಬೇಕು' ಎಂದು ಮೊತ್ತವನ್ನಷ್ಟೇ ಗುಂಪಿಗೆ ತಿಳಿಸಬೇಕು. ಎರಡು ದಿನದಲ್ಲಿ ಹಣ ತುಂಬಿತು. ಒಬ್ಬಳೂ ಹಿಂದೆ ಸರಿಯಲಿಲ್ಲ. ದೋಣಿಯ ಮೂವರು ಕೆಲಸಗಾರರಿಗೆ ಕೊಡುವ ಭಕ್ಷೀಸನ್ನೂ ಇದೇ ಹಣದಲ್ಲಿ ಮೊದಲೇ ಎತ್ತಿಡಬೇಕು. ಕೊನೆಯಲ್ಲಿ ಪರ್ಸ್ ತೆಗೆಯುವ ಗೊಂದಲ ತಪ್ಪುತ್ತದೆ.

ಹೌಸ್‌ಬೋಟಿನ ಖರ್ಚೇ ಬೇಡ ಎನ್ನುವವರಿಗೂ ಒಳ್ಳೆಯ ದಾರಿಯಿದೆ, ಅದನ್ನು ಕಡಿಮೆಯೆಂದು ಎಣಿಸಬೇಡಿ. ಕೇರಳದ ರಾಜ್ಯ ಜಲಸಾರಿಗೆ ಇಲಾಖೆಯ ಕೇಂದ್ರ ಕಚೇರಿ ಇರುವುದೇ ಆಲಪ್ಪುಳದಲ್ಲಿ. ಬಸ್ ನಿಲ್ದಾಣದ ಹತ್ತಿರದ ಜೆಟ್ಟಿಯಿಂದ ಅದರ ದೋಣಿಗಳು ಊರವರನ್ನು ಹೊತ್ತು ಕುಟ್ಟನಾಡಿನ ಊರೂರಿಗೆ, ಕೋಟ್ಟಯಂವರೆಗೂ ಹೋಗುತ್ತವೆ. ಕೋಟ್ಟಯಂಗೆ ಸುಮಾರು ಎರಡೂವರೆ ಗಂಟೆ, ಟಿಕೆಟ್ ಸಿಟಿ ಬಸ್ಸಿನಂತೆ. ಕೈನಕರಿಯಂಥ ಊರಿನ ಹೋಮ್‌ಸ್ಟೇಯಲ್ಲಿ ಎರಡು ರಾತ್ರಿ ಉಳಿದು, ಹಗಲು ಈ ದೋಣಿಗಳಲ್ಲಿ ಓಡಾಡಿದರೆ ಅರ್ಧಕ್ಕರ್ಧ ಉಳಿತಾಯ. ಶಾಲಾ ಮಕ್ಕಳು, ಮೀನು ಬುಟ್ಟಿಗಳ ನಡುವೆ ಹತ್ತು ಜನ ಒಂದೇ ಬೆಂಚಿನ ಸಾಲಿನಲ್ಲಿ ಕೂತು ಹೋಗುವುದು ಕಾಲೇಜಿನ ಬಸ್ಸನ್ನೇ ನೆನಪಿಸುತ್ತದೆ.

ದೋಣಿಯೊಳಗಿನ ಹೊತ್ತು

ಕಾರ್ಯಕ್ರಮ ಹಾಕಬೇಡಿ. ಅಂತ್ಯಾಕ್ಷರಿ, ಆಟ, ಬಹುಮಾನ ಎಂದು ಪಟ್ಟಿ ಮಾಡಿಕೊಂಡು ಬರುವ ಉತ್ಸಾಹಿಗಳು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಅವರ ಪ್ರೀತಿ ದೊಡ್ಡದು, ಆದರೆ ಇಪ್ಪತ್ತೊಂದು ಗಂಟೆಯನ್ನು ತುಂಡು ತುಂಡು ಮಾಡಿದರೆ ಮಾತು ಹುಟ್ಟುವುದಿಲ್ಲ. ಒಂದೇ ಒಂದು ವಸ್ತು ತರಲು ಹೇಳಿ: ಆ ಕಾಲದ ಏನಾದರೂ. ನಮ್ಮಲ್ಲಿ ಒಬ್ಬಳು ಹಾಸ್ಟೆಲ್ ಮೆಸ್ಸಿನ ಬಿಲ್ಲು ತಂದಿದ್ದಳು, ಇನ್ನೊಬ್ಬಳು ನಾನು ಬೇಸಿಗೆ ರಜೆಯಲ್ಲಿ ಬರೆದ ಇನ್‌ಲ್ಯಾಂಡ್ ಪತ್ರ. ನನ್ನ ಅಕ್ಷರ ನನಗೇ ಗುರುತು ಸಿಗಲಿಲ್ಲ. ಅದರಲ್ಲಿ ಈಗ ತೀರಿಹೋಗಿರುವ ನಮ್ಮ ಗೆಳತಿಯೊಬ್ಬಳ ಮದುವೆಯ ಸುದ್ದಿಯಿತ್ತು. ಆ ಪತ್ರ ಕೈಯಿಂದ ಕೈಗೆ ಹೋಗಿ ಸುತ್ತು ಮುಗಿಸುವಷ್ಟರಲ್ಲಿ ದೋಣಿ ಎರಡು ಊರು ದಾಟಿತ್ತು. ತೀರಿಹೋದವರ ಮಾತು ಬಂದೇ ಬರುತ್ತದೆ. ಅದನ್ನು ಬೇಗ ಮುಚ್ಚಿ ನಗೆಯ ಕಡೆ ತಿರುಗಿಸಲು ಹೋಗಬೇಡಿ.

ಬರಲಾಗದವರಿಗೆ ವೀಡಿಯೊ ಕಾಲ್ ಮಾಡುವುದಾದರೆ ಸಂಜೆ ಐದರ ಒಳಗೆ, ಊರು ಹತ್ತಿರವಿರುವಾಗ ಮಾಡಿ. ಸರೋವರದ ನಡುವೆ ಸಿಗ್ನಲ್ ಕೈಕೊಡುವುದುಂಟು. ಆಮೇಲೆ ಫೋನುಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿ. ಮನೆಯವರಿಗೆ ತುರ್ತಾಗಿ ಬೇಕಾದರೆಂದು ಒಬ್ಬರ ಫೋನ್ ಮಾತ್ರ ಹೊರಗಿರಲಿ, ಆ ನಂಬರನ್ನು ಎಲ್ಲರ ಮನೆಗೂ ಮೊದಲೇ ಕೊಟ್ಟಿರಿ.

ಊಟದ ವಿಷಯ ಹಿಂದಿನ ದಿನವೇ ಸ್ಪಷ್ಟ ಮಾಡಿ. ಕುಚ್ಚಲಕ್ಕಿ ಅನ್ನ, ಕರಿಮೀನ್, ಸಾಂಬಾರ್, ತೋರನ್ ಎಂಬ ಪಲ್ಯ, ಇವು ಅಲ್ಲಿಯ ರೂಢಿ. ಕರಿಮೀನನ್ನು ಮಸಾಲೆ ಸವರಿ ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿದ 'ಪೊಳ್ಳಿಚ್ಚದು' ಮೀನು ತಿನ್ನುವವರು ತಪ್ಪಿಸಿಕೊಳ್ಳಬಾರದ್ದು. ನಮ್ಮಲ್ಲಿ ನಾಲ್ವರು ಶುದ್ಧ ಸಸ್ಯಾಹಾರಿಗಳು. ಬೇರೆ ಪಾತ್ರೆ, ಬೇರೆ ಎಣ್ಣೆ ಎಂದು ಅಡುಗೆಯವರಿಗೆ ಹೇಳಿದೆವು, ಅವರು ಚಾಚೂ ತಪ್ಪದೆ ಪಾಲಿಸಿದರು. ಮಧ್ಯಾಹ್ನದ ಊಟ ಎರಡು ಗಂಟೆಗೆ ಸರಿಯುವುದು ಸಾಮಾನ್ಯ. ಸಕ್ಕರೆ ಕಾಯಿಲೆಯವರು ಕೈಚೀಲದಲ್ಲಿ ಏನಾದರೂ ಇಟ್ಟುಕೊಂಡಿರಿ. ಎಲ್ಲರ ಮಾತ್ರೆಗಳ ವಿವರವನ್ನು ಒಂದು ಹಾಳೆಯಲ್ಲಿ ಬರೆದು ಒಬ್ಬರ ಬಳಿ ಇಡಿ. ರಾತ್ರಿ ದೋಣಿಯನ್ನು ಎಲ್ಲೋ ಒಂಟಿ ದಡಕ್ಕೆ ಕಟ್ಟುವ ಬದಲು ವಾಹನ ಬರುವ ರಸ್ತೆ ಹತ್ತಿರವಿರುವ ಕಡೆ ಕಟ್ಟಲು ಕೇಳಿಕೊಳ್ಳಿ. ಅವಸರಕ್ಕೆ ಆಲಪ್ಪುಳದ ಹೊರವಲಯದ ವಂಡಾನಂನಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಿದೆ. ಸೊಳ್ಳೆ ವಿಪರೀತ, ಮುಸ್ಸಂಜೆಗೆ ಮೊದಲೇ ಕೈಕಾಲಿಗೆ ಏನಾದರೂ ಹಚ್ಚಿಕೊಳ್ಳಿ.

ಸಂಜೆ ಐದೂವರೆ, ಆರರ ಹೊತ್ತಿಗೆ ದೋಣಿ ನಿಲ್ಲುತ್ತದೆ. ಹಣ ಕೊಟ್ಟಿದ್ದೇವೆ, ಇನ್ನೂ ಸ್ವಲ್ಪ ಓಡಿಸಿ ಎಂದು ಒತ್ತಾಯಿಸುವವರನ್ನು ಕಂಡಿದ್ದೇನೆ. ರಾತ್ರಿ ಆ ನೀರು ಮೀನುಗಾರರದು. ಅವರ ಬಲೆ ಹರಿದರೆ ಆ ಮನೆಯ ದುಡಿಮೆ ಹೋಯಿತು. ದಡದ ಮನೆಗಳಿಗೂ ಇದೇ ಮರ್ಯಾದೆ ಸಲ್ಲಬೇಕು. ಅಲ್ಲಿ ಹೆಂಗಸರು ಮೆಟ್ಟಿಲ ಮೇಲೆ ಕೂತು ಪಾತ್ರೆ ತೊಳೆಯುತ್ತಾರೆ, ಬಟ್ಟೆ ಒಗೆಯುತ್ತಾರೆ, ಸ್ನಾನ ಮಾಡುತ್ತಾರೆ. ದಿನಕ್ಕೆ ನೂರಾರು ದೋಣಿ ಅವರ ಹಿತ್ತಲಿನ ಮುಂದೆ ಹಾದುಹೋಗುತ್ತವೆ. ಕ್ಯಾಮೆರಾ ಕೆಳಗಿಡಿ, ಧ್ವನಿವರ್ಧಕ ತರಲೇಬೇಡಿ. ವೇಂಬನಾಡ್ 2002ರಿಂದ ರಾಮ್ಸರ್ ಪಟ್ಟಿಯಲ್ಲಿರುವ ಜೌಗು ಪ್ರದೇಶ, ಆದರೂ ದೋಣಿಗಳ ಕೊಳೆ ಅದಕ್ಕೆ ದೊಡ್ಡ ಪೆಟ್ಟು ಕೊಟ್ಟಿದೆ. ಹತ್ತು ಜನಕ್ಕೆ ಬೇಕಾಗುವ ನೀರನ್ನು ಪುಟ್ಟ ಬಾಟಲಿಗಳಲ್ಲಿ ತರುವ ಬದಲು ದೊಡ್ಡ ಕ್ಯಾನು ಹಾಕಿಸಿಕೊಳ್ಳಿ. ಒಂದು ಬಿಸ್ಕತ್ತಿನ ಕಾಗದವೂ ನೀರಿಗೆ ಬೀಳದಂತೆ ನೋಡಿಕೊಳ್ಳಿ.

ಬೆಳಿಗ್ಗೆ ಆರಕ್ಕೆ ಎದ್ದು ಕೈದೋಣಿಯೊಂದನ್ನು ಎರಡು ಗಂಟೆಗೆ ಗೊತ್ತುಮಾಡಿಕೊಂಡರೆ ಹೌಸ್‌ಬೋಟ್ ಹೋಗಲಾಗದ ಸಣ್ಣ ತೋಡುಗಳೊಳಗೆ ಹೋಗಬಹುದು. ಹಿಂದಿನ ಸಂಜೆಯೇ ಹೇಳಿಟ್ಟಿರಬೇಕು. ಮೋಟಾರಿಲ್ಲ, ಹುಟ್ಟಿನ ಸದ್ದು ಮಾತ್ರ. ಇಡೀ ಪ್ರವಾಸದಲ್ಲಿ ನನಗೆ ಹೆಚ್ಚು ಪ್ರಿಯವಾದ ಹೊತ್ತು ಅದು.

ಕಾರವಾರದ ಗೆಳತಿಯ ಹಟ

ನಮ್ಮ ಗುಂಪಿನ ಕಾರವಾರದವಳು ದೋಣಿ ಹತ್ತಿದೊಡನೆ ಬೇರೆಯವರು ಕೋಣೆ ನೋಡುತ್ತಿದ್ದರೆ ತಾನು ಲೈಫ್ ಜಾಕೆಟ್ ಎಣಿಸುತ್ತಿದ್ದಳು. ಹತ್ತು ಜನಕ್ಕೆ ಏಳೇ ಇದ್ದವು. ಇನ್ನು ಮೂರು ಬರುವವರೆಗೆ ಹಗ್ಗ ಬಿಚ್ಚಕೂಡದು ಎಂದು ಕೂತಳು. ಬಂದವು. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ವಾಪಸಾಗುತ್ತಿದ್ದ ದೋಣಿ ಕಾರವಾರದ ಕಡಲಲ್ಲಿ ಮಗುಚಿ 16 ಜನ ಸತ್ತದ್ದು ಅವಳ ಊರಿನ ಸಂಗತಿ. ಅವಳ ಹಟಕ್ಕೆ ಕಾರಣ ಕೇಳುವ ಅಗತ್ಯ ನಮಗಿರಲಿಲ್ಲ.

ಕೇರಳದ ನೀರಿನಲ್ಲೂ ಇಂಥ ದಿನಗಳಿವೆ. 2002ರ ಜುಲೈ 27ರಂದು ಮುಹಮ್ಮ ಎಂಬ ಊರಿನಿಂದ ಕುಮರಕಂಗೆ ಹೊರಟ ದೋಣಿ ಮುಳುಗಿ 29 ಜನ, 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 45 ಜನ, 2023ರ ಮೇ 7ರಂದು ತಾನೂರಿನಲ್ಲಿ 22 ಜನ ಜೀವ ಕಳೆದುಕೊಂಡರು. ಇಂಥ ಅವಘಡಗಳ ಹಿಂದೆ ಮತ್ತೆ ಮತ್ತೆ ಕಾಣುವುದು ಮಿತಿಮೀರಿದ ಜನ, ಮತ್ತು ಎಲ್ಲರೂ ಒಮ್ಮೆಲೇ ಒಂದೇ ಬದಿಗೆ ಸರಿಯುವುದು. ಮೇಲಿನ ಡೆಕ್ಕಿನಲ್ಲಿ ಎಷ್ಟು ಜನ ನಿಲ್ಲಬಹುದೆಂದು ಕೇಳಿಕೊಳ್ಳಿ. ಗುಂಪಿನ ಫೋಟೊಕ್ಕೆಂದು ಎಲ್ಲರೂ ಒಂದು ಕಂಬಿಗೆ ಒರಗಬೇಡಿ. ರಾತ್ರಿ ದೀಪವಿಲ್ಲದ ಅಂಚಿನಲ್ಲಿ ಒಬ್ಬರೇ ಓಡಾಡಬೇಡಿ. ಮದ್ಯ ತೆಗೆದುಕೊಳ್ಳುವ ಗುಂಪುಗಳಿಗೆ ಈ ಮಾತು ಎರಡು ಪಟ್ಟು ಅನ್ವಯಿಸುತ್ತದೆ. ಈಜಬೇಕೆಂಬ ಆಸೆ ಎಷ್ಟೇ ಬರಲಿ, ನೀರಿಗೆ ಇಳಿಯಬೇಡಿ. ಕೆಳಗೆ ಕೆಸರು, ಬಳ್ಳಿ, ಮೇಲೆ ದೋಣಿಗಳ ಓಡಾಟ.

ಆಲಪ್ಪುಳ ದೂರವೆನಿಸಿದರೆ ಮಂಗಳೂರು, ಕಾಸರಗೋಡು ಕಡೆಯವರಿಗೆ ನೀಲೇಶ್ವರದ ಕೋಟ್ಟಪ್ಪುರಂನಿಂದ ಹೊರಡುವ ವಲಿಯಪರಂಬದ ಹೌಸ್‌ಬೋಟುಗಳಿವೆ. ದೋಣಿಗಳ ಸಂಖ್ಯೆ ಕಡಿಮೆ, ಸದ್ದೂ ಕಡಿಮೆ. ಉಡುಪಿಯ ಕೆಮ್ಮಣ್ಣು ಕಡೆ ಸ್ವರ್ಣಾ ನದಿಯಲ್ಲೂ ಹೌಸ್‌ಬೋಟ್ ವಿಹಾರವಿದೆ, ಒಂದೇ ದಿನ ಬಿಡುವಿರುವವರಿಗೆ ಅದು ಸಾಕು.

ಕೊನೆಯದಾಗಿ, ವಾಪಸು ಟಿಕೆಟ್ ಮಾಡಿಸುವ ಬಗ್ಗೆ. ದೋಣಿ ಬೆಳಿಗ್ಗೆ ಒಂಬತ್ತಕ್ಕೆ ಬಿಡುತ್ತದೆಂದು ಹನ್ನೊಂದರ ರೈಲಿಗೆ ಟಿಕೆಟ್ ತೆಗೆಯಬೇಡಿ. ಮೊದಲ ಸಲ ನಾವು ಹಾಗೆ ಮಾಡಿ, ಇಡ್ಲಿ ಬಾಯಲ್ಲಿರುವಾಗಲೇ ಬ್ಯಾಗು ಎಳೆದುಕೊಂಡು ಆಟೋ ಹತ್ತಿದ್ದೆವು. ಎರಡನೇ ಸಲ ಎಲ್ಲರದ್ದೂ ಸಂಜೆಯ ನಂತರದ ರೈಲು, ಬಸ್ಸು. ಒಂಬತ್ತಕ್ಕೆ ಹಲಗೆ ಹಾಕಿದರು, ಬಿದಿರು ಗಳವನ್ನು ಈ ಸಲ ಹೇಳದೆಯೇ ಹಿಡಿದು ನಿಂತಿದ್ದರು. ಮಂಡಿಯ ಗೆಳತಿ ಎಲ್ಲರಿಗಿಂತ ಮೊದಲು ಇಳಿದಳು. ಜೆಟ್ಟಿಯ ಎದುರಿನ ಚಹಾದಂಗಡಿಯಲ್ಲಿ ಎರಡು ಬೆಂಚು ಎದುರುಬದುರು ಹಾಕಿಕೊಟ್ಟರು. ಮಧ್ಯಾಹ್ನ ಒಂದು ಗಂಟೆಯವರೆಗೆ ಅಲ್ಲೇ ಕೂತಿದ್ದೆವು, ನಾಲ್ಕು ಸುತ್ತು ಚಹಾ ಆಯಿತು. ಅಷ್ಟು ಹೊತ್ತಿಗೆ ನಮ್ಮ ದೋಣಿ ಹೊಸ ಗುಂಪನ್ನು ಹತ್ತಿಸಿಕೊಂಡು ಹೊರಟಿತ್ತು.